ಸೆವ್ರಿನ್ ಬಾಯಿಯ ಕಿವಿ

ಮೂವತ್ತೊಂದು ವರ್ಷ ಆಕೆ ಬೋಳೂರಿನ ಹಂಚಿನ ಕಾರ್ಖಾನೆಯಲ್ಲಿ
ದುಡಿದದ್ದು ಕಿವಿಯಿಂದ.
ಭಟ್ಟಿಯಿಂದ ಇಳಿದ ಹಂಚನ್ನು ಎಡಗೈಯಲ್ಲಿ ತೂಗಿ ಹಿಡಿದು
ಬಲಗೈ ಗೆಣ್ಣಿನಿಂದ ಒಂದೇ ಪೆಟ್ಟು.
ಟಣ್ ಅಂದರೆ ಒಂದನೇ ನಂಬರು.
ಟೊಣ್ ಅಂದರೆ ಎರಡು.
ದೊಬ್ ಅಂದದ್ದಕ್ಕೆ ಸೀಮೆಸುಣ್ಣದ ಕತ್ತರಿ ಗುರುತು,
ಬೇಲಿ ಬದಿಯ ರಾಶಿ.
ದಿನಕ್ಕೆ ಎರಡು ಸಾವಿರ ಹಂಚು ಮಾತಾಡಿಸಿದವಳು.
‘ಕೂಲಿ ಜಾಸ್ತಿ ಮಾಡಿ ಅಂದ ದಿನ ಮಾತ್ರ
ಧಣಿಗೆ ಕಿವಿ ಕೇಳ್ತಿರಲಿಲ್ಲ’ ಎಂದು ನಗುತ್ತಾಳೆ.

ಈಗ ಅಲ್ಲಿ ಹದಿನೆಂಟು ಮಾಳಿಗೆ.
ಚಿಮಣಿಯೊಂದನ್ನು ಉಳಿಸಿದ್ದಾರೆ, ಚಂದಕ್ಕೆ.
ಸಂಜೆಯಾದರೆ ಅದಕ್ಕೆ ನೀಲಿ ಲೈಟು.

ನಾನು ಹೋದದ್ದು ಗೋಣಿಯಲ್ಲಿ ಒಂಬತ್ತು ಹಂಚು ಹೊತ್ತು.
ಫಲ್ಗುಣಿಯ ಒಂಬತ್ತು ಕಡೆ, ಇಳಿತದ ಹೊತ್ತು,
ಮೊಣಕಾಲುದ್ದ ಹೂತು ತೆಗೆದ ಕೆಸರು:
ಮರವೂರು, ಕೂಳೂರು ಸೇತುವೆಯಡಿ,
ಹೆಸರಿಲ್ಲದ ಪೈಪೊಂದು ಬಾಯಿ ತೆರೆದ ಜಾಗ,
ಬೆಂಗ್ರೆಯ ತುದಿ.
ಬೇರೆ ಮಣ್ಣು ಬೆರೆಸಲಿಲ್ಲ, ಅಂಗಡಿಯ ಮೆರುಗು ಬಳಿಯಲಿಲ್ಲ.
ಆಯಾ ಜಾಗದ ಕೆಸರನ್ನೇ ಒಲೆಬೂದಿಯೊಂದಿಗೆ ಅರೆದು ಸವರಿದೆ.
ಬೆನ್ನಿಗೆ, ಹಿಂದೆ ಕಂಪೆನಿಯ ಹೆಸರು ಒತ್ತುತ್ತಿದ್ದಲ್ಲಿ,
ಜಾಗ, ತಾರೀಕು,
ಅವತ್ತು ತೇಲುತ್ತಿದ್ದ ಮೀನಿನ ಲೆಕ್ಕ.

‘ನಾಡಿದ್ದು ಅಹವಾಲು ಸಭೆ, ಬರಬೇಕು ಬಾಯಮ್ಮ.’
‘ನನಗೆಂತ ಗೊತ್ತುಂಟು ಮಾರಾಯ್ತಿ,
ಕಾಗದ ಓದ್ಲಿಕ್ಕೆ ಬರುವುದಿಲ್ಲ.’
‘ಓದುವವರು ಅಲ್ಲಿ ಬೇಕಾದಷ್ಟಿದ್ದಾರೆ.’

ಶಾಮಿಯಾನ. ಮೇಜಿನ ಮೇಲೆ ಗೋಡಂಬಿ ತಟ್ಟೆ,
ಬಾಟಲಿಯಲ್ಲಿ ಬೇರೆ ಯಾವುದೋ ಊರಿನ ನೀರು.
ತಲೆಗೆ ಎರಡು ನಿಮಿಷ, ಮುಗಿದರೆ ಗಂಟೆ.
ಬಾಯಿ ಮೈಕನ್ನು ಬಾಗಿಸಿ
ಹಂಚಿನ ಬಾಯಿಗೆ ಹಿಡಿದಳು.
ಒಂದು: ಟಣ್.
ಎರಡು, ಮೂರು: ಟೊಣ್.
ಐದಕ್ಕೆ ಬರುವಾಗ ದೊಬ್.
ಹಿಂದಿನ ಸಾಲಿನ ಮರುವಾಯಿ ಹೆಕ್ಕುವ ಹೆಂಗಸರು
ತಮ್ಮದೇ ಎದೆಗೆ ಬಿದ್ದ ಹಾಗೆ ಸುಮ್ಮನಾದರು.

ಏಳನೆಯದು ಪೈಪಿನ ಬಾಯಿಯದ್ದು.
ನಾಚಿಕೆಯಾಗುವಷ್ಟು ಚಂದ.
ಭಟ್ಟಿ ತೆರೆದ ದಿನವೇ ಹೆದರಿದ್ದೆ:
ನವಿಲುಕತ್ತಿನ ನೀಲಿ, ಅಂಚಿಗೆ ಹರಿದ ಹಸಿರು,
ಅಲ್ಲಲ್ಲಿ ತಾಮ್ರದ ಕಣ್ಣು.
ಹತ್ತು ವರ್ಷ ಗ್ರಾಂ ಲೆಕ್ಕದಲ್ಲಿ ಪುಡಿ ತೂಗಿದರೂ
ನನ್ನ ಕೈಗೆ ಬಾರದೇ ಉಳಿದ ಬಣ್ಣ.
ಲೋಹ ಹಾಗೆಯೇ,
ನೀರಲ್ಲಿ ಅಡಗಿ ಕೂತದ್ದು ಬೆಂಕಿಯಲ್ಲಿ ಬಾಯಿ ಬಿಡುತ್ತದೆ.

ಬಡಿದಳು.
ಇಗರ್ಜಿ ಗಂಟೆಯ ಕೊನೆಯ ಎಳೆಯಂತೆ
ನಾದ ಶಾಮಿಯಾನದೊಳಗೆ ತುಂಬ ಹೊತ್ತು ನಿಂತಿತು.
ಮುಂದಿನ ಸಾಲಿನ ಕಂಪೆನಿಯವರು ಬಾಗಿ ಕೇಳಿದರು,
‘ನಮ್ಮ ಲಾಬಿಯ ಗೋಡೆಗೆ ಇಂಥದ್ದು ಇನ್ನೂರು ಸಿಗಬಹುದಾ ಮೇಡಂ?’
ಹೇಳಿಬಿಡುತ್ತೇನೆ: ಒಂದು ಕ್ಷಣ
ಗ್ಯಾಸಿನ ಬಾಕಿ, ಶೆಡ್ಡಿನ ಬಾಡಿಗೆ
ಕೂಡಿಸಿ ನೋಡಿದೆ.

ಸೆವ್ರಿನ್ ಬಾಯಿ ಹಂಚನ್ನು ತಿರುವಿದಳು.
ಮೀನಿನ ಕಿವಿರು ಎತ್ತಿ ನೋಡುವ ಹಾಗೆ
ಅಂಚು ಸವರಿ, ಮೂಸಿದಳು.
‘ಶಬ್ದ ಒಂದನೇ ನಂಬರು’ ಎಂದಳು.
ಸೆರಗಿನ ಗಂಟಿನಿಂದ ಸೀಮೆಸುಣ್ಣದ ತುಂಡು ತೆಗೆದು
ಆ ನೀಲಿಯ ನಟ್ಟನಡುವೆ
ಕತ್ತರಿ ಹಾಕಿದಳು.
‘ಟಣ್ ಅಂದದ್ದಕ್ಕೆ ಕತ್ತರಿ ಹಾಕಿದ್ದು ಇದೇ ಮೊದಲು.
ಬರ್ಕೊಳ್ಳಿ.’

ಟೈಪಿಸ್ಟ್ ಹುಡುಗ ಸಾಹೇಬರ ಮುಖ ನೋಡಿದ.
ಶಬ್ದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ, ಎಂದರು ಅವರು,
ಕೆಟ್ಟವರೇನಲ್ಲ, ಬೆವರುತ್ತಿದ್ದರು.
ಲ್ಯಾಬ್ ರಿಪೋರ್ಟ್ ಇದ್ದರೆ ಕೊಡಿ.
ಗಂಟೆ ಬಾರಿಸಿತು. ಮೈಕ್ ಬಂದ್.

‘ಇನ್ನೂ ಎರಡು ಉಂಟಲ್ಲ’ ಎಂದಳು ಬಾಯಿ, ಯಾರಿಗೋ,
ಎಂಟನೆಯದನ್ನು ಕಿವಿಯ ಹತ್ತಿರ ಎತ್ತಿ ಹಿಡಿದು.
ಹಿಂದಿನ ಸಾಲಿನಲ್ಲಿ
ಕುರ್ಚಿಗಳು ಸದ್ದು ಮಾಡಿದವು.
ಹೊರಟರೇನೋ ಅಂದುಕೊಂಡೆ.
ಎಳೆದುಕೊಂಡು ಹತ್ತಿರ ಬರುತ್ತಿದ್ದರು.